ಬೆತ್ಲೆಹೇಮಿಗೊಂದು ದನ

ಗೋದಲಿಯಲ್ಲಿ ನಿಲ್ಲಿಸುವ ದನ ಎಷ್ಟರ ಮಟ್ಟಿಗೆ ದನದ ಹಾಗಿರಬೇಕು ಎಂಬುದು ಧರ್ಮಸಭೆಯ ಮಹಾಪಂಡಿತರು ಇಷ್ಟು ಶತಮಾನ ಕಳೆದರೂ ತೀರ್ಮಾನಿಸದೆ ಬಿಟ್ಟ ಗಹನವಾದ ಪ್ರಶ್ನೆ. ಕಾಪುವಿಗೂ ಉಚ್ಚಿಲಕ್ಕೂ ನಡುವಿನ ಒಂದು ಸಣ್ಣ ಇಗರ್ಜಿಯ ವಠಾರದಲ್ಲಿ, ಸಾವಿರದ ಒಂಬೈನೂರ ಐವತ್ತೆಂಟರ ಕ್ರಿಸ್ಮಸ್ಸಿನ ಮುನ್ನಾದಿನ, ಬೆಳಗಿನ ಗಂಜಿ ಉಣ್ಣುವ ಹೊತ್ತಿಗೆ ಈ ಪ್ರಶ್ನೆ ತಲೆಯೆತ್ತಿತು. ಎತ್ತಿದವರು ಗುರ್ಕಾರ ಪ್ಯಾಟ್ರಿಕ್.

"ಕಜೆಟನ್, ಬಾಲಯೇಸುವಿನ ತಲೆ ಹತ್ತಿರ ನಾಯಿ ಎಂತಕ್ಕೆ ಮಾರಾಯ?"

"ಅದು ನಾಯಿಯಲ್ಲ, ದನ."

ಪ್ಯಾಟ್ರಿಕ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಮತ್ತೊಮ್ಮೆ ನೋಡಿದರು. "ಹೌದಾ? ಹಾಗಾದರೆ ರಾತ್ರಿ ಬೊಗಳಬಾರದು ಅಂತ ಅದಕ್ಕೆ ಹೇಳಿ ಇಡು."

ಗುರ್ಕಾರ ಎಂದರೆ ಇಗರ್ಜಿಯ ಒಂದೊಂದು ವಾಡೆಗೂ, ಅಂದರೆ ಕೇರಿಗೂ, ಇರುವ ಹಿರಿಯ. ಮದುವೆಗೆ, ಮರಣಕ್ಕೆ ಮುಂದೆ ನಿಲ್ಲುವುದು ಅವರ ಕೆಲಸ. ಮಿಕ್ಕ ದಿನಗಳಲ್ಲಿ ಅವರು ಅಡ್ಡ ನಿಲ್ಲುತ್ತಾರೆ.

ಕಜೆಟನ್ ದೋಣಿಗಳಿಗೆ ಹೆಸರು, ಅಂಗಡಿಗಳಿಗೆ ಬೋರ್ಡು ಬರೆಯುವ ಪೈಂಟರು. ಅದು ಹೊಟ್ಟೆಪಾಡು. ಒಳಗೊಳಗೆ ಅವನು ಕಲಾವಿದ. ತನ್ನ ಕಲೆಗೆ ಮೂಲ ವಿಶ್ವಾಸವೆಂದೂ, ಜಪಮಾಲೆ ಹಿಡಿದು ಕೂತರೆ ಪವಿತ್ರಾತ್ಮನು ನೇರವಾಗಿ ಬಂದು ಬಲಗೈ ಮಣಿಕಟ್ಟಿನ ಮೇಲೆ ಇಳಿಯುತ್ತಾನೆಂದೂ ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಇಳಿದ ಪವಿತ್ರಾತ್ಮನಿಗೆ ದನದ ಕೊಂಬಿಗೂ ನಾಯಿಯ ಕಿವಿಗೂ ವ್ಯತ್ಯಾಸ ಗೊತ್ತಿಲ್ಲವೇ ಎಂದು ಹೆಂಡತಿ ಮ್ಯಾಗ್ಡಲಿನ್ ಮಾತ್ರ ಕೇಳಿದ್ದಳು. ಅವಳಿಗೆ ಕಲೆ ತಿಳಿಯುವುದಿಲ್ಲ.

ಈ ಸಲ ಗೋದಲಿಯ ಹಿಂದೆ ಒಂದು ಗೋಡೆ ನಿಂತಿತ್ತು. ಇಗರ್ಜಿಯ ಹೊಸ ಪೀಠದ ಹಿಂದಿನ ದೊಡ್ಡ ಗೋಡೆ. ಅದರ ಮೇಲೆ ಸ್ವರ್ಗವನ್ನು ಯಾರು ಬರೆಯಬೇಕು, ಕಜೆಟನ್ನನೋ ಪ್ಯಾಟ್ರಿಕ್ಕರ ಅಳಿಯನೋ ಎಂದು ಜಗಳ ಹತ್ತಿ, ವಿಗಾರ್ ಫಾದರು ತಲೆನೋವು ತಾಳಲಾರದೆ ಸಾರಿಬಿಟ್ಟಿದ್ದರು: ಗೋದಲಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಯಾರಿಗೋ, ಗೋಡೆಯೂ ಅವರಿಗೇ. ಕಜೆಟನ್ ಆ ಗೋಡೆಗಾಗಿ ಹನ್ನೆರಡು ವರ್ಷ ದೋಣಿಗಳ ಮೂತಿಗೆ ಬಣ್ಣ ಬಳಿದು ಕಾದಿದ್ದ. ಗೋಡೆ ಕೈತಪ್ಪಿದರೆ ಸಾಯುವ ತನಕ ಮೂತಿಯೇ ಗತಿ.

ಗೋದಲಿಯೇನೋ ಭರ್ಜರಿಯಾಗಿತ್ತು. ಅವನ ಮನೆಯಂಗಳದಲ್ಲಿ ಆಳೆತ್ತರದ ಹಟ್ಟಿ, ಮಾಡಿಗೆ ಬೈಹುಲ್ಲು, ಬುಟ್ಟಿಗಳಲ್ಲಿ ಮೊಳಕೆ ಬರಿಸಿ ಬೆಳೆಸಿದ ಭತ್ತದ ಸಸಿಗಳಿಂದ ಯೂದಾಯದ ಹಸುರು ಗದ್ದೆ, ಮೊಣಕಾಲೆತ್ತರದ ಮಣ್ಣಿನ ಬೊಂಬೆಗಳು. ಸಂತ ಜೋಸೆಫರ ಮುಖ ಕಜೆಟನ್ನನದೇ. ಮೂಲೆಯಲ್ಲಿ ಹಲ್ಲು ಕಿರಿಯುತ್ತಿದ್ದ ಹೆರೋದ ಅರಸನ ಮುಖ ಪ್ಯಾಟ್ರಿಕ್ಕರದು. ಪ್ಯಾಟ್ರಿಕ್ ಅದನ್ನು ಕಂಡೇ ನಾಯಿಯ ಮಾತು ತೆಗೆದದ್ದಿರಬೇಕು.

ಅಷ್ಟರಲ್ಲಿ ಗ್ಲ್ಯಾಡಿಸ್ ಟೀಚರು ಬಂದು ಗದ್ದೆಯ ನಡುವೆ ಒಂದು ಪ್ಲಾಸ್ಟಿಕ್ ಬಾತುಕೋಳಿ ಇಟ್ಟರು. ಅದು ಬಾಲಯೇಸುವಿಗಿಂತ ದೊಡ್ಡದಿತ್ತು.

"ತಮ್ಮ ಬೊಂಬಾಯಿಯಿಂದ ತಂದದ್ದು. ಚಂದ ಉಂಟಲ್ವಾ?"

"ಬೆತ್ಲೆಹೇಮಿನಲ್ಲಿ ಬಾತುಕೋಳಿ ಇತ್ತಾ ಟೀಚರ್?"

"ಇರಲಿಲ್ಲ ಅಂತ ಬೈಬಲಿನಲ್ಲಿ ಎಲ್ಲಿ ಬರೆದುಂಟು, ತೋರಿಸು ನೋಡುವ?" ಎಂದು ಹೇಳಿ, ಮಣ್ಣಿನ ದನವನ್ನು ನೋಡಿ, "ಅಯ್ಯೋ, ನಾಯಿ ಎಷ್ಟು ಲಕ್ಷಣವಾಗಿದೆ!" ಎಂದು ಮೆಚ್ಚಿಕೊಂಡು ಹೋದರು.

ಕಜೆಟನ್ ಜಪಮಾಲೆ ತೆಗೆದು ಕೂತ. ಐದನೆಯ ಮಣಿಗೆ ಪ್ರೇರಣೆ ಇಳಿಯಿತು: ಬೇಲಿಯಾಚೆಗೆ ಅಂಗಾರನ ಹಟ್ಟಿಯಲ್ಲಿ ಸಾಕ್ಷಾತ್ ದನವೇ ಇರುವಾಗ ಮಣ್ಣಿನದು ಯಾಕೆ?

ಅಂಗಾರ ಮೀನಿನ ಬಲೆ ಎಳೆಯಲು ಹೋಗುವ, ಕ್ರಿಸ್ತಾಂವರನ್ನೆಲ್ಲ ಮರ್ಯಾದೆಯಿಂದ ಪೊರ್ಬುಲು ಎಂದು ಕರೆಯುವ ಮನುಷ್ಯ. ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಆದರೂ ತಲೆ ಕೆರೆದುಕೊಂಡ. "ಕೊಡಬಹುದಿತ್ತು ಪೊರ್ಬುಲೇ. ಆದರೆ ನಮ್ಮ ದನ ಬೊಳ್ಳಿಗೆ ದಿನ ತುಂಬಿದೆ. ಇವತ್ತೋ ನಾಳೆಯೋ ಅಂತ ಉಂಟು."

"ಒಳ್ಳೆದೇ ಆಯ್ತಲ್ಲ ಮಾರಾಯ! ಬೆತ್ಲೆಹೇಮಿಗೆ ಬಂದವರಿಗೂ ದಿನ ತುಂಬಿಯೇ ಇತ್ತು."

ಬೊಳ್ಳಿ ಮದುಮಗಳ ಹಾಗೆ ತಲೆ ತಗ್ಗಿಸಿಕೊಂಡು ಬಂದು ಬೆತ್ಲೆಹೇಮಿನಲ್ಲಿ ನಿಂತಿತು. ನೋಡಲು ಚಿತ್ರದ ಹಾಗಿತ್ತು. ಕಜೆಟನ್ನನ ಕಣ್ಣಲ್ಲಿ ನೀರು ಬಂತು. ಮೇಲೆ ಬಿದಿರುಕಡ್ಡಿಗೆ ಕೆಂಪು ಕಾಗದ ಅಂಟಿಸಿದ ದೊಡ್ಡ ನಕ್ಷತ್ರವನ್ನು ಪಕ್ಕದಲ್ಲಿ ನೆಟ್ಟ ಕೋಲಿಗೆ ತೂಗುಹಾಕಿ, ಮೀಯಲು ಬಚ್ಚಲಿಗೆ ಹೋದ.

ಕಲಾವಿದ ಮೈಗೆ ಸಾಬೂನು ಹಚ್ಚುತ್ತಿದ್ದಾಗ ಬೊಳ್ಳಿ ಯೂದಾಯವನ್ನು ಮೇಯಲು ಶುರುಮಾಡಿತು. ಮೊದಲು ಗದ್ದೆ ಮುಗಿಯಿತು. ಆಮೇಲೆ ಕುರುಬರ ಗುಡ್ಡ. ಬಳಿಕ ಕತ್ತು ಚಾಚಿ ಮಾಡಿನ ಬೈಹುಲ್ಲಿಗೆ ಬಾಯಿ ಹಾಕಿ ಎಳೆಯಿತು. ಹುಲ್ಲಿನ ಜೊತೆ ಹಗ್ಗ ಬಂತು, ಹಗ್ಗದ ಜೊತೆ ಕಂಬ ಬಂತು, ಕಂಬದ ಜೊತೆ ಬೆತ್ಲೆಹೇಮೇ ಬಂತು. ಗಾಬರಿಯಾದ ಬೊಳ್ಳಿ ಒಂದು ಸುತ್ತು ತಿರುಗಿ, ಸುಸ್ತಾಗಿ, ಪೂರ್ವದೇಶದ ಮೂವರು ಜ್ಞಾನಿಗಳ ಮೇಲೆ ಕೂತುಬಿಟ್ಟಿತು.

ಕಜೆಟನ್ ತಲೆಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದ. ಸಂತ ಜೋಸೆಫರ ತಲೆ ಉರುಳಿ ಬಚ್ಚಲ ಬಾಗಿಲಿಗೆ ಬಂದು ಅವನನ್ನೇ ನೋಡುತ್ತಿತ್ತು. ಹೆರೋದನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬಾತುಕೋಳಿ ದೋಸೆಯಾಗಿತ್ತು. ಬೊಳ್ಳಿ ಮಾತ್ರ ಹೊಟ್ಟೆಯೊಳಗಿಂದ ಒಂದು ದೊಡ್ಡ ಸದ್ದು ಹೊರಡಿಸಿತು.

ಅಂಗಾರ ಬೇಲಿ ಹಾರಿ ಬಂದ. "ಪೊರ್ಬುಲೇ, ಹೊತ್ತಾಯ್ತು ಇವಳಿಗೆ!" ಎನ್ನುತ್ತ ಬೊಳ್ಳಿಯನ್ನು ಎಬ್ಬಿಸಿ, ಮೈದಡವುತ್ತ, ಮನೆಗೆ ಹೊಡೆದುಕೊಂಡು ಹೋದ.

ಕಜೆಟನ್ ಮೆಟ್ಟಲಲ್ಲಿ ಕೂತ. ಸಂಜೆಯಾಯಿತು. ತೀರ್ಪುಗಾರರು ವಾಡೆಗೆ ಬಂದ ಸುದ್ದಿ ಬಂತು.

"ದೀಪ ಆರಿಸು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಮುಂದೆ ಹೋಗಲಿ" ಎಂದ ಹೆಂಡತಿಗೆ.

ಹಬ್ಬದ ಸಿಹಿಗೆಂದು ನೆವ್ರಿ ಕರಿಯುತ್ತಿದ್ದ ಮ್ಯಾಗ್ಡಲಿನ್ ದೀಪ ಆರಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಅಂಗಾರನ ಹೆಂಡತಿ ಸರಸ ಹೇಳಿದಳು, ಅವರ ಲಾಟೀನಿನ ಗಾಜು ಒಡೆದಿದೆಯಂತೆ. ದನ ಕರು ಹಾಕುವಾಗ ಕತ್ತಲೆಯಾದರೆ ಅಂಗಾರ ಎಂತ ಮಾಡ್ತಾನೆ? ಆ ನಕ್ಷತ್ರ ನಿಮಗೆ ಇನ್ನು ಯಾಕೆ?" ಎಂದಳು. ಅವಳು ಒಳಗೆ ಬತ್ತಿ ಹೊತ್ತಿಸಿ, ನಕ್ಷತ್ರವನ್ನು ಕೋಲಿನ ಸಮೇತ ಬೇಲಿ ದಾಟಿಸಿ ಬಂದಳು.

ತೀರ್ಪುಗಾರರು ಮೂವರು. ರೋಮಿಗೆ ಹೋಗಿ ಬಂದ ಒಬ್ಬರು ಫಾದರು. 'ವಿಶ್ವಾಸ ಮತ್ತು ಸೌಂದರ್ಯ' ಎಂಬ ವಿಷಯದ ಮೇಲೆ ಕರೆದಲ್ಲೆಲ್ಲ ಭಾಷಣ ಮಾಡುವ, ಕಾರ್ಕಳ ಕಡೆಯ ಒಬ್ಬರು ಉಪನ್ಯಾಸಕರು. ಮೂರನೆಯವರು ಉಡುಪಿಯ ಕೊಡೆ ವ್ಯಾಪಾರಿ. ಬಹುಮಾನದ ಕಪ್ಪನ್ನು ದಾನ ಕೊಟ್ಟವರಾದ್ದರಿಂದ ಕಲೆ ತಿಳಿದವರು. ದಾರಿ ತೋರಿಸಲು ಮುಂದೆ ಪ್ಯಾಟ್ರಿಕ್.

"ಇಲ್ಲಿ ಕಜೆಟನ್ ಅಂತ ಒಬ್ಬ..." ಎಂದು ಪ್ಯಾಟ್ರಿಕ್ ಟಾರ್ಚು ತಿರುಗಿಸುವುದರೊಳಗೆ ಫಾದರು ಕೈ ಎತ್ತಿದರು. "ನಕ್ಷತ್ರ ಆ ಕಡೆ ಉಂಟಲ್ಲ?"

ಮೂವರೂ ನಕ್ಷತ್ರದ ಹಿಂದೆ ಹೋದರು.

ಕಜೆಟನ್ ಬೇಲಿಯ ಸಂದಿಯಿಂದ ನೋಡಿದ. ಕೆಂಪು ಬೆಳಕಿನಲ್ಲಿ ಬೊಳ್ಳಿ ಆಗಷ್ಟೇ ಹುಟ್ಟಿದ ಕರುವನ್ನು ನೆಕ್ಕುತ್ತಿತ್ತು. ಸರಸ ಮಂಜಿಗೆ ತಲೆಯ ಮೇಲೆ ಸೆರಗು ಹೊದ್ದು ಹುಲ್ಲಿನ ಮೇಲೆ ಕೂತಿದ್ದಳು. ಅಂಗಾರ ಕೋಲು ಹಿಡಿದು ನಿಂತಿದ್ದ. ತೀರ್ಪುಗಾರರ ಬಾಯಿಂದ ಮಾತೇ ಹೊರಡಲಿಲ್ಲ. ಉಪನ್ಯಾಸಕರಿಗೆ ಇದು ಮೊದಲ ಅನುಭವ.

"ಎಷ್ಟು ಕಾಲದ ತಯಾರಿ ಇದು?" ಎಂದು ಅವರು ಕೊನೆಗೂ ಕೇಳಿದರು.

"ಒಂಬತ್ತು ತಿಂಗಳು ಸ್ವಾಮಿ."

"ನೋಡಿ ಫಾದರ್, ತಪಸ್ಸು! ಪ್ರೇರಣೆ ಎಲ್ಲಿಂದ ಬಂತು?"

ಪ್ರೇರಣೆ ಎಂದರೆ ಏನೆಂದು ಅಂಗಾರನಿಗೆ ಗೊತ್ತಿರಲಿಲ್ಲ. ದನದ ಬಳಿ ನಿಂತು ದೊಡ್ಡವರು ಮತ್ತೆ ಯಾವುದರ ಬಗ್ಗೆ ಕೇಳಿಯಾರು? "ಪೆರ್ಡೂರಿನಿಂದ ಸ್ವಾಮಿ. ಒಳ್ಳೆಯ ಜಾತಿಯ ಹೋರಿ."

ಉಪನ್ಯಾಸಕರು ಆಗಲೇ ಕಣ್ಣು ಮುಚ್ಚಿದ್ದರು. "ಇಂಥ ಕಲೆ ಕೈಯಿಂದ ಬರುವುದಲ್ಲ. ಆಳವಾದ ಕ್ರೈಸ್ತ ವಿಶ್ವಾಸದಿಂದ ಮಾತ್ರ ಬರುವಂಥದ್ದು."

ಕಜೆಟನ್ನನಿಗೆ ತಡೆಯಲಾಗಲಿಲ್ಲ. ಬೇಲಿ ಮುರಿದುಕೊಂಡೇ ನುಗ್ಗಿದ. "ಫಾದರ್, ಇದು ಗೋದಲಿ ಅಲ್ಲ! ಬರೀ ದನದ ಹಟ್ಟಿ!"

ಫಾದರು ಮರುಕದಿಂದ ನಕ್ಕರು. "ಬೆತ್ಲೆಹೇಮಿನಲ್ಲಿ ಇದ್ದದ್ದೂ ಬರೀ ದನದ ಹಟ್ಟಿಯೇ ಮಗಾ."

"ಅವನು ಕ್ರಿಸ್ತಾಂವನೇ ಅಲ್ಲ! ಪ್ಯಾಟ್ರಿಕ್, ನೀವಾದರೂ ಹೇಳಿ!"

ಎಲ್ಲರೂ ಪ್ಯಾಟ್ರಿಕ್ಕರತ್ತ ತಿರುಗಿದರು. ಪ್ಯಾಟ್ರಿಕ್ ಕಜೆಟನ್ನನ ಅಂಗಳದತ್ತ ಟಾರ್ಚು ಹಾಯಿಸಿದರು. ಅವಶೇಷಗಳ ನಡುವೆ ಹೆರೋದನೊಬ್ಬನೇ ಎದ್ದು ನಿಂತು ಅವರದೇ ಹಲ್ಲು ಬಿಟ್ಟು ನಗುತ್ತಿದ್ದ. ಇಷ್ಟು ವರ್ಷದ ನೆರೆಕರೆಯ ಪ್ರೀತಿಯೆಲ್ಲ ಪ್ಯಾಟ್ರಿಕ್ಕರ ಗಂಟಲಿಗೆ ಬಂತು. ಅಳಿಯನ ನೆನಪೂ ಆ ಕ್ಷಣಕ್ಕೆ ಹಾರಿಹೋಯಿತು.

"ನಮ್ಮ ವಾಡೆಯವನೇ ಫಾದರ್. ಬಹಳ ದೀನ ಮನುಷ್ಯ. ಈ ಕಜೆಟನ್ನನಿಗೆ ಸ್ವಲ್ಪ ಹೊಟ್ಟೆಕಿಚ್ಚು, ಅಷ್ಟೆ."

ಕೊಡೆ ವ್ಯಾಪಾರಿ ಕಪ್ಪನ್ನು ಅಲ್ಲಿಯೇ ಕೊಟ್ಟರು. ಸರಸ ಅದನ್ನು ತಿರುಗಿಸಿ ನೋಡಿ, ಗಿಣ್ಣು ಹಾಲು ಹಿಂಡಲು ಸಾಲದೆಂದು ಪಕ್ಕಕ್ಕಿಟ್ಟಳು.

ಹಬ್ಬದ ಮಾರನೆಯ ದಿನ ಕಜೆಟನ್ ವಿಗಾರ್ ಫಾದರ ಎದುರು ನಿಂತ. ಅವರು ನಿಟ್ಟುಸಿರು ಬಿಟ್ಟರು. "ನನಗೆ ಎಲ್ಲ ಗೊತ್ತುಂಟು ಕಜೆಟನ್. ಆದರೆ ರೋಮಿಗೆ ಹೋಗಿ ಬಂದವರು ನಡುರಾತ್ರಿ ಪೂಜೆಯ ಪ್ರಸಂಗದಲ್ಲಿ ಅರ್ಧ ಗಂಟೆ ಹೊಗಳಿ ಆಯಿತು. ಈಗ ನಾನು ಅದು ದನದ ಹಟ್ಟಿ ಅಂತ ಹೇಳಿದರೆ ಅವರ ಮರ್ಯಾದೆ ಎಲ್ಲಿಗೆ ಹೋಗ್ತದೆ? ಗೋಡೆ ಅಂಗಾರನಿಗೇ. ನೀನು ಬೇಕಾದರೆ ಅವನ ಸಹಾಯಕ್ಕೆ ನಿಲ್ಲು."

ಗೋಡೆಯನ್ನು ಕಂಡ ಅಂಗಾರ ಅಂದ, "ನನಗೆ ಸುಣ್ಣ ಹೊಡೆಯುವುದು ಮಾತ್ರ ಬರ್ತದೆ ಪೊರ್ಬುಲೇ. ಹೊಡೆಯಲಾ?"

ಮೊದಲ ಕೋಟು ಮುಗಿದಾಗ ಉಪನ್ಯಾಸಕರು ಬಂದು ನೋಡಿ, ಅಷ್ಟೊಂದು ಬಿಳುಪಿನಲ್ಲಿ ಸ್ವರ್ಗವನ್ನು ಕಂಡ ಇನ್ನೊಬ್ಬ ಕಲಾವಿದ ಈ ಜಿಲ್ಲೆಯಲ್ಲಿ ಇಲ್ಲ ಎಂದರು.

ಅಂಗಾರ ಎರಡನೆಯ ಕೋಟು ಸುಣ್ಣವನ್ನೂ ಹೊಡೆದ. ಕಜೆಟನ್ ಏಣಿ ಹಿಡಿದುಕೊಂಡ.