ಮೂರನೇ ಕೌಂಟರಿನ ಅತಿವೇಗ ನಿಯಂತ್ರಣ

ಸಂಖ್ಯೆ: ನಪ್ರವಿ/ಗಣಕ/ವಿಳಂಬ/47(ಬಿ)

ವಿಷಯ: ಹೊಸ ಗಣಕಯಂತ್ರದಲ್ಲಿ ಹಳೆಯ ತಂತ್ರಾಂಶ ಬಳಸಿ ಕೆಲಸವನ್ನು ಅಕಾಲದಲ್ಲಿ ಮುಗಿಸುತ್ತಿರುವ ಕುರಿತು.

ಉಲ್ಲೇಖ: (1) ಇದೇ ವಿಷಯದ ಹಿಂದಿನ ಸುತ್ತೋಲೆ (ಇನ್ನೂ ತೆರೆದುಕೊಂಡಿಲ್ಲ). (2) ಮೂರನೇ ಕೌಂಟರಿನ ಗುಮಾಸ್ತೆಯ ಸಮಜಾಯಿಷಿ (ಕೈಬರಹ).

ನಕಲು ಪ್ರತಿ ವಿತರಣಾ ವಿಭಾಗದ ಆರೂ ಕೌಂಟರುಗಳಿಗೆ ಹೊಸ ಪ್ರೊಸೆಸರಿನ ಯಂತ್ರಗಳನ್ನು ಒದಗಿಸಿ, ‘ಸರ್ವಸುಲಭ’ ತಂತ್ರಾಂಶವನ್ನು ಅಳವಡಿಸಲಾಗಿದೆ. ಸದರಿ ತಂತ್ರಾಂಶವು ಹೊಟ್ಟೆಯಲ್ಲಿ ಒಂದು ಇಡೀ ಬ್ರೌಸರನ್ನು ಹೊತ್ತಿರುವುದರಿಂದ, ಒಂದು ಅರ್ಜಿ ಹುಡುಕಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಮೂರನೇ ಕೌಂಟರಿನ ಗುಮಾಸ್ತೆಯು ಹಳೆಯ ತಂತ್ರಾಂಶವನ್ನೇ ಈ ಪ್ರೊಸೆಸರಿಗೆ ತಕ್ಕಂತೆ ದುರಸ್ತಿಗಾರರಿಂದ ತಿದ್ದಿಸಿಕೊಂಡು, ಅದೇ ಕೆಲಸವನ್ನು ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತಿರುವುದು ಪತ್ತೆಯಾಗಿದೆ. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಸಿಬ್ಬಂದಿಯ ಹಾಜರಾತಿಯನ್ನು ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂಬ ಚಕ್ರ ತಿರುಗಿದ ಅವಧಿಯಿಂದ ಲೆಕ್ಕ ಹಾಕಲಾಗುತ್ತದೆ. ಸದರಿ ಗುಮಾಸ್ತೆಯ ಪರದೆಯಲ್ಲಿ ಚಕ್ರವು ಒಮ್ಮೆಯೂ ತಿರುಗಿಲ್ಲ. ಆದಕಾರಣ, ದಿನಕ್ಕೆ ನೂರ ನಲವತ್ತು ಪ್ರತಿ ವಿತರಿಸಿದ್ದಾಗ್ಯೂ, ಆಕೆಯನ್ನು ತಿಂಗಳಿಡೀ ಗೈರುಹಾಜರೆಂದು ಪರಿಗಣಿಸಲಾಗಿದೆ.

2. ಯಂತ್ರವು ಬಿಸಿಯಾಗದೆ, ಅದರ ಫ್ಯಾನ್ ಸದ್ದು ಮಾಡದಿರುವುದನ್ನು ಕರ್ತವ್ಯಲೋಪವೆಂದು ಭಾವಿಸತಕ್ಕದ್ದು.

3. “ಆ ಅಕ್ಕನ ಹತ್ರ ಹೋಗಿ, ಕೂರೋಕೂ ಬಿಡಲ್ಲ, ಕೊಟ್ಟು ಕಳಿಸಿಬಿಡ್ತಾರೆ” ಎಂದು ಒಬ್ಬ ವೃದ್ಧರು ಬಾಗಿಲಲ್ಲೇ ನಿಂತು ಇತರರಿಗೆ ಹೇಳಿಕೊಡುತ್ತಿದ್ದುದು ಕಂಡುಬಂದಿದೆ. ಇದರಿಂದ, ಕಾಯುವವರಿಗಾಗಿ ತರಿಸಿದ ನಲವತ್ತು ಕುರ್ಚಿಗಳ ಪೈಕಿ ಎಂಟು ಖಾಲಿ ಉಳಿದಿವೆ. ಇನ್ನು ಮುಂದೆ ಮೂರನೇ ಕೌಂಟರಿಗೆ ಬರುವ ಪ್ರತಿಯೊಬ್ಬರೂ ಕನಿಷ್ಠ ಒಮ್ಮೆ ಕೂತು, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಏಳತಕ್ಕದ್ದು.

4. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕ್ರೀ ಬರೆ?” ಎಂದು ಸದರಿ ಗುಮಾಸ್ತೆಯವರು ಸಮಜಾಯಿಷಿಯಲ್ಲಿ ಕೇಳಿರುತ್ತಾರೆ. ದಾಸ್ತಾನು ಪುಸ್ತಕವನ್ನು ಪರಿಶೀಲಿಸಲಾಗಿ, ಈ ಕಚೇರಿಗೆ ಎತ್ತನ್ನಾಗಲಿ ಎಮ್ಮೆಯನ್ನಾಗಲಿ ಮಂಜೂರು ಮಾಡಿರುವುದು ಕಂಡುಬರುವುದಿಲ್ಲ. ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

5. ಪ್ರೊಸೆಸರಿನ ವೇಗವನ್ನು ಹೆಚ್ಚಿಸಿರುವುದು ತಂತ್ರಾಂಶವು ನೆಮ್ಮದಿಯಾಗಿ ನಿಧಾನವಾಗಲಿ ಎಂಬ ಉದ್ದೇಶದಿಂದಲೇ ಹೊರತು, ಸಾರ್ವಜನಿಕರ ಅನುಕೂಲಕ್ಕಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

6. ಸದರಿ ಗುಮಾಸ್ತೆಯನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗಾಯಿಸಲು ಹಾಗೂ ಆಕೆ ಕೌಂಟರ್ ಬಿಟ್ಟ ದಿನವೇ ಹಳೆಯ ತಂತ್ರಾಂಶವನ್ನು ಅಳಿಸಲು ತೀರ್ಮಾನಿಸಲಾಗಿದೆ. ವರ್ಗಾವಣೆ ಆದೇಶವನ್ನು ‘ಸರ್ವಸುಲಭ’ದ ಮೂಲಕವೇ ಹೊರಡಿಸಬೇಕಾಗಿರುತ್ತದೆ. ಕಳೆದ ಸೋಮವಾರ ತೆರೆಯಲಾರಂಭಿಸಿದ ಸದರಿ ಆದೇಶವು ಈವರೆಗೆ ಶೇಕಡಾ ನಲವತ್ತೊಂದರಷ್ಟು ತೆರೆದುಕೊಂಡಿದೆ. ನಿನ್ನೆ ಇದು ಶೇಕಡಾ ನಲವತ್ತಮೂರು ಇತ್ತು. ಪೂರ್ಣವಾಗಿ ತೆರೆದುಕೊಳ್ಳುವವರೆಗೆ ಆಕೆಯು ಮೂರನೇ ಕೌಂಟರಿನಲ್ಲೇ ಕುಳಿತು, ಮೇಲ್ಕಂಡ ತಪ್ಪನ್ನು ಎಂದಿನಂತೆ ಮುಂದುವರಿಸತಕ್ಕದ್ದು.

(ಸಹಿ ತೆರೆದುಕೊಳ್ಳುತ್ತಿದೆ)
ವಿಭಾಗಾಧಿಕಾರಿ

ಪ್ರತಿಗಳು:
1. ಉಳಿದ ಐದು ಕೌಂಟರುಗಳಿಗೆ, ಚಕ್ರ ನಿಂತಾಗ ಓದಿಕೊಳ್ಳಲು.
2. ಫ್ಯಾನ್ ಸದ್ದು ಪರಿಶೀಲನಾ ಉಪಸಮಿತಿಗೆ.
3. ಕುರ್ಚಿಗಳ ಮೇಲ್ವಿಚಾರಕರಿಗೆ.
4. ಮೂರನೇ ಕೌಂಟರಿನ ಗುಮಾಸ್ತೆಗೆ: ಬೇರೆ ಯಾವ ಯಂತ್ರದಲ್ಲೂ ಮುದ್ರಣ ಸಾಧ್ಯವಾಗದ ಕಾರಣ, ಈ ಸುತ್ತೋಲೆಯನ್ನು ತಾವೇ ಮುದ್ರಿಸಿ ಮೇಲಿನವರೆಲ್ಲರಿಗೂ ತಲುಪಿಸಲು. ತುರ್ತು.