ಅತ್ತೆಮನೆಯ ಗೋಡೆಗಾಗಿ ಒಂದು ಟ್ರೈಪಾಡು

ಫೋಟೋ ತೆಗೆಯುವವನಿಗೆ ಮುಖ ಇರುವುದಿಲ್ಲ. ಈ ಮಾತನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಹೇಳಿದ್ದರೆ ಕ್ಯಾಮೆರಾ ಬಿಟ್ಟು ತಬಲಾ ಕಲಿಯುತ್ತಿದ್ದೆ. ಖಾನಾಪುರದ ನನ್ನ ಅತ್ತೆಮನೆಯ ಪಡಸಾಲೆಗೆ ಬಂದು ನೋಡಿ, ಗೋಡೆಯ ತುಂಬ ಫೋಟೋಗಳು. ಹಿರಿಯ ಅಳಿಯ ಇದ್ದಾರೆ, ನಡುವಿನ ಅಳಿಯ ಕರಿ ಕನ್ನಡಕ ಹಾಕಿಕೊಂಡು ನಿಂತಿದ್ದಾರೆ, ಮನೆಯ ಎಮ್ಮೆ ಕೂಡ ಇದೆ. ಕಿರಿಯ ಅಳಿಯನಾದ ನಾನು ಮಾತ್ರ ಇಲ್ಲ, ಏಕೆಂದರೆ ಎಮ್ಮೆಯಿಂದ ಹಿಡಿದು ಎಲ್ಲರನ್ನೂ ತೆಗೆದವನು ನಾನೇ. ನನ್ನ ಮದುವೆಯ ಫೋಟೋ ಒಂದಿತ್ತು. ಅದಕ್ಕೆ ಗೆದ್ದಲು ಹತ್ತಿತು, ಹತ್ತಿದ್ದೂ ವರನ ಕಡೆಯಿಂದಲೇ. ಈಗ ಅದರಲ್ಲಿ ನನ್ನ ಹೆಂಡತಿ ಶೈಲಾ ಯಾರದೋ ಕೈ ಹಿಡಿದುಕೊಂಡು ನಗುತ್ತಿದ್ದಾಳೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ಸಲ ಪಂಚಮಿ ಹಬ್ಬಕ್ಕೆ ಮೂವರು ಹೆಣ್ಣುಮಕ್ಕಳೂ ಗಂಡಂದಿರ ಸಮೇತ ತವರಿಗೆ ಬರುವವರಿದ್ದರು. ಏನಾದರಾಗಲಿ, ಈ ಹಬ್ಬದಲ್ಲಿ ನಾನು ಫೋಟೋದೊಳಗೆ ನಿಲ್ಲಲೇಬೇಕು, ಆ ಗೋಡೆಯ ಮೇಲೆ ಏರಲೇಬೇಕು ಎಂದು ಹಟ ಹಿಡಿದೆ. ಸೆಲ್ಫಿ ನನಗೆ ಆಗಿಬರುವುದಿಲ್ಲ. ಅದರಲ್ಲಿ ಮುಕ್ಕಾಲು ಭಾಗ ನನ್ನ ಹಣೆ, ಉಳಿದ ಜಾಗದಲ್ಲಿ ಬೀಗರೆಲ್ಲ ಸಾಸಿವೆ ಕಾಳು. ನೆರೆಮನೆಯವರ ಕೈಗೆ ಕ್ಯಾಮೆರಾ ಕೊಟ್ಟರೆ ತಲೆ ಬಿಟ್ಟು ಚಪ್ಪಲಿ ತೆಗೆಯುತ್ತಾರೆ. ಹೀಗಾಗಿ ಒಂದು ಟ್ರೈಪಾಡು ಕೊಳ್ಳುವುದೆಂದು ತೀರ್ಮಾನಿಸಿದೆ. ಬಸ್ಸಿನಲ್ಲಿ ಒಯ್ಯಲು ಹಗುರವಾಗಿರಬೇಕು, ನಿಲ್ಲಿಸಿದರೆ ಗಟ್ಟಿಯಾಗಿರಬೇಕು. ಕೇಳಿದ್ದು ಇಷ್ಟೇ. ಅದಕ್ಕೇ ನನ್ನ ಒಂದು ತಿಂಗಳ ನಿದ್ದೆ ಹೋಯಿತು. ಮೊಬೈಲಿನಲ್ಲಿ ಟ್ರೈಪಾಡಿನ ಬಗ್ಗೆ ಉಪದೇಶ ಮಾಡುವವರೆಲ್ಲ ಹಿಮದ ಬೆಟ್ಟದ ತುದಿಯಲ್ಲೇ ನಿಂತಿರುತ್ತಾರೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವವನಿಗೆ ಯಾವುದು ಬೇಕೆಂದು ಹೇಳುವ ಪುಣ್ಯಾತ್ಮ ಒಬ್ಬನೂ ಸಿಗಲಿಲ್ಲ.

ಕೊನೆಗೆ ಪೇಟೆಯ ಒಂದು ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಬೇಡಿಕೆ ಕೇಳಿ, ಕನ್ಯೆ ನೋಡಲು ಬಂದ ಬಡ ವರನನ್ನು ನೋಡುವಂತೆ ನೋಡಿದರು.

“ಹಗೂರ ಬೇಕಂದ್ರ ಅಳ್ಳಾಡತೈತ್ರಿ ಸರ್. ಗಟ್ಟಿ ಬೇಕಂದ್ರ ಹೊರಬೇಕಾಗತೈತಿ. ಎರಡೂ ಬೇಕಂದ್ರ ಕಾರ್ಬನ್ ಫೈಬರ್ ಐತಿ. ಆದ್ರ ಅದರ ರೇಟ್ ಕೇಳಿದ್ರ ನೀವ ಅಳ್ಳಾಡತೀರಿ.”

ರೇಟು ಕೇಳಿದೆ. ಅಳ್ಳಾಡಿದೆ. ಆಗ ಅವರು ಒಳಗಿನಿಂದ ಒಂದು ಅಲ್ಯೂಮಿನಿಯಂ ಟ್ರೈಪಾಡು ತಂದರು. ಎತ್ತಿದರೆ ಛತ್ರಿಯಷ್ಟೇ ಭಾರ. ಬೆರಳಿನಿಂದ ಮುಟ್ಟಿದರೆ ಥರಥರ. ನನ್ನ ಮುಖ ಬಾಡಿದ್ದನ್ನು ಕಂಡು ಅದರ ನಡುಗಂಬದ ಕೆಳಗಿದ್ದ ಕೊಕ್ಕೆ ತೋರಿಸಿದರು. “ಗಾಳಿ ಬಿಟ್ರ ಇದಕ್ಕ ಏನರ ವಜ್ಜಿ ನೇತಹಾಕ್ರಿ, ಅಳ್ಳಾಡಂಗಿಲ್ಲ.”

“ಅಲ್ರೀ, ಹಗೂರ ಇರಲಿ ಅಂತ ಇದನ್ನ ತಗೊಂಡು, ವಜ್ಜಿ ಬ್ಯಾರೆ ಹೊತ್ತಗೊಂಡ ಹೋಗ್ಲ್ಯಾ?”

“ಖಾನಾಪುರದಾಗ ಕಲ್ಲಿಗೆ ಬರ ಐತೇನ್ರಿ? ಒಂದ ಕಲ್ಲ ಚೀಲದಾಗ ಹಾಕಿ ಕಟ್ರಿ. ಇಲ್ಲಾಂದ್ರ ಇದ ನೋಡ್ರಿ,” ಎಂದು ಕಾಲಿನ ತುದಿಯ ರಬ್ಬರು ತಿರುವಿದರು. ಒಳಗಿನಿಂದ ಚೂಪಾದ ಮೊಳೆ ಹೊರಬಂತು. “ಮಣ್ಣಿಗೆ ಚುಚ್ಚಿಬಿಡ್ರಿ. ಆನಿ ಬಂದ್ರೂ ಅಲಗಾಡಂಗಿಲ್ಲ.”

ಆ ಮೊಳೆಗೆ ಮನಸೋತು ಕೊಂಡುಬಿಟ್ಟೆ. ಮನೆಗೆ ತಂದು ಶೈಲಾಗೆ, ಬೇರೆಯವಕ್ಕಿಂತ ಇದು ಅರ್ಧ ಕಿಲೋ ಕಡಿಮೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ದೃಷ್ಟಿಯನ್ನು ನಡುವೆ ನಿಲ್ಲಿಸಿದಳು. “ಆ ಅರ್ಧಾ ಕಿಲೋ ನಿಮ್ಮ ಹೊಟ್ಟಿಯಿಂದ ಇಳಿಸಿದ್ರ ಆಗತಿರಲಿಲ್ಲೇನ್ರಿ?”

ಪಂಚಮಿಯ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಗಾಳಿ ಕೊಟ್ಟಿರಲಿಲ್ಲ. ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅತ್ತೆಯವರನ್ನು ನಡುವೆ ಕುರ್ಚಿಯಲ್ಲಿ ಕೂಡಿಸಿ, ಟ್ರೈಪಾಡು ಬಿಚ್ಚಿದೆ. ಆಗಷ್ಟೇ ಹುಟ್ಟಿದ ಕರುವಿನಂತೆ ಅದು ನಡುಗತೊಡಗಿತು. ಇರಲಿ, ಮೊಳೆ ಇದೆಯಲ್ಲ ಎಂದು ರಬ್ಬರು ತಿರುವಿ ಮಣ್ಣಿಗೆ ಊರುವಷ್ಟರಲ್ಲಿ ಅತ್ತೆಯವರು ಕುರ್ಚಿಯಿಂದ ಹಾರಿ ಬಂದರು.

“ಅಯ್ಯ ಶಿವನ! ಏನ ಮಾಡಾಕತ್ತೀರಿ ಅಳಿಯಾರ? ಇವತ್ತ ನಾಗಪ್ಪನ ಹಬ್ಬ. ಭೂಮಿಗೆ ಮೊಳಿ ಚುಚ್ಚತಾರೇನ್ರಿ?”

“ಹಂಗಾರ ಒಂದ ಕಲ್ಲರ ಕೊಡ್ರಿ ಅತ್ತಿ, ನೇತಹಾಕತೀನಿ.”

“ಕಲ್ಲೂ ಎತ್ತಂಗಿಲ್ರಿ. ಅದರ ಬುಡಕ ನಾಗಪ್ಪ ಮಲಗಿದ್ರ?”

ಪಂಚಮಿಯಂದು ನೆಲ ಅಗೆಯಬಾರದೆಂಬುದು ನನಗೂ ಗೊತ್ತಿದ್ದದ್ದೇ. ಆದರೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯ ಸುತ್ತ ಎಲ್ಲ ಫರ್ಸಿ ಕಲ್ಲು. ಅಗೆಯುತ್ತೇನೆಂದರೂ ಮಣ್ಣು ಸಿಗುವುದಿಲ್ಲ, ಹೀಗಾಗಿ ಆ ನೇಮವನ್ನು ನಾವು ಪುಕ್ಕಟೆಯಾಗಿ ಪಾಲಿಸಿಕೊಂಡು ಬಂದಿದ್ದೆವು. ತಿಂಗಳಿಡೀ ಗ್ರಾಮು ಗ್ರಾಮು ಲೆಕ್ಕ ಹಾಕಿದ ನಾನು ಹಬ್ಬ ಯಾವುದೆಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ಪೆಚ್ಚು ಮುಖ ನೋಡಿ ಅತ್ತೆಯವರಿಗೆ ಕನಿಕರ ಬಂತು. ಒಳಗೆ ಹೋಗಿ, ನಮಗೆ ಕಟ್ಟಿಕೊಡಲೆಂದು ಇಟ್ಟಿದ್ದ ಉಂಡಿಯ ಚೀಲ ತಂದರು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಎಲ್ಲ ಸೇರಿ ಒಳ್ಳೆಯ ಭಾರ. ಕೊಕ್ಕೆಗೆ ನೇತು ಹಾಕಿದ್ದೇ ತಡ, ಟ್ರೈಪಾಡು ಗುಡಿಯ ಕಂಬದಂತೆ ನಿಂತಿತು. ಟೈಮರ್ ಒತ್ತಿ ಓಡಿಹೋಗಿ, ಹೊಟ್ಟೆ ಒಳಗೆಳೆದುಕೊಂಡು ಷಡ್ಡಕರ ಪಕ್ಕ ನಿಂತೆ.

ಮೊದಲ ಫೋಟೋದಲ್ಲಿ ನಾನಿದ್ದೆ. ಆದರೆ ಉಳಿದವರೆಲ್ಲ ಕ್ಯಾಮೆರಾ ಬಿಟ್ಟು ಮೊಳದಷ್ಟು ಕೆಳಗೆ, ಉಂಡಿಯ ಚೀಲವನ್ನೇ ಆತಂಕದಿಂದ ನೋಡುತ್ತಿದ್ದರು. ಮನೆಯ ನಾಯಿ ಅದರ ಬುಡದಲ್ಲಿ ಬಂದು ಕುಳಿತಿತ್ತು. ಎರಡನೆಯದರಲ್ಲಿ ಅತ್ತೆಯವರು ಅರ್ಧ ಎದ್ದಿದ್ದರು. ಮೂರನೆಯದರ ತುಂಬ ಅವರ ಸೀರೆಯ ಸೆರಗೇ ಇತ್ತು. “ಹಚಾ! ಹಚಾ!” ಎಂಬ ಕೂಗು ಮಾತ್ರ ಅದರಲ್ಲಿ ಬಂದಿಲ್ಲ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಧುಮುಧುಮು ಹೋಗಿ ಚೀಲವನ್ನು ಕೊಕ್ಕೆಯಿಂದ ಕಿತ್ತು ನನ್ನ ಕೊರಳಿಗೇ ಹಾಕಿಕೊಂಡೆ. ನಡುಗುವ ಟ್ರೈಪಾಡನ್ನು ಎರಡೂ ಕೈಯಿಂದ ಅಮುಕಿ ಹಿಡಿದು ಕಿರುಚಿದೆ: “ನಾಯಿ ಬ್ಯಾಡ, ಉಂಡಿ ಬ್ಯಾಡ, ಇಲ್ಲಿ ನನ್ನ ನೋಡ್ರಿ!” ನಾಯಿ ನನ್ನ ಎದೆಗೆ ಎರಡು ಕಾಲು ಕೊಟ್ಟು ಎದ್ದು ನಿಂತಿತು. ಸಾಲಿಗೆ ಸಾಲೇ ಬಿದ್ದು ಬಿದ್ದು ನಗತೊಡಗಿತು. ಅತ್ತೆಯವರಂತೂ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ರೂಢಿಬಲ, ನನ್ನ ಬೆರಳು ಬಟನ್ ಒತ್ತಿಬಿಟ್ಟಿತು.

ಅತ್ತೆಯವರು ಅದೇ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಯ ನಟ್ಟನಡುವೆ ತೂಗು ಹಾಕಿದರು. ಮೊನ್ನೆ ನಾವು ಹೋದಾಗ ಲೋಂಡಾದಿಂದ ದೂರದ ಬೀಗರೊಬ್ಬರು ಬಂದಿದ್ದರು. ಫೋಟೋದ ಮುಂದೆ ನಿಂತು, “ಎಲ್ಲಾರೂ ಅದಾರ, ಸಣ್ಣ ಅಳಿಯಾರು ಎಲ್ಲಿ ಅದಾರ್ರಿ ಇದರಾಗ?” ಎಂದು ಕೇಳಿದರು. ನನ್ನ ಗಾಯಕ್ಕೆ ಉಪ್ಪು ಬಿತ್ತೆಂದುಕೊಂಡೆ. ಅತ್ತೆಯವರು ಮಾತ್ರ ಬಹಳ ಅಭಿಮಾನದಿಂದ, “ಅದಾರಲ್ರಿ! ಮತ್ತ ಯಾರನ್ನ ನೋಡಿ ನಗಾಕತ್ತೀವಿ ಅಂತ ತಿಳದೀರಿ?” ಎಂದರು. ಬೀಗರು ಫೋಟೋವನ್ನು ಇನ್ನೊಮ್ಮೆ ನೋಡಿದರು, ತಿರುಗಿ ನನ್ನನ್ನು ನೋಡಿದರು. ಪಾಪ, ಅವರಿಗೂ ತಡೆಯಲಾಗಲಿಲ್ಲ.