ಗುಡಾರದಲ್ಲಿ ನಾವಿಬ್ಬರೇ

ಮನೆಯಲ್ಲಿ ಹನ್ನೊಂದು ಮಂದಿ ಇದ್ದರೆ ಹೆಂಡತಿಯ ಜೊತೆ ನೆಟ್ಟಗೆ ಜಗಳವಾಡುವುದಕ್ಕೂ ಆಗುವುದಿಲ್ಲ. ಮಾತು ನಾನು ಎತ್ತುತ್ತೇನೆ, ಉತ್ತರ ಅತ್ತಿಗೆ ಕೊಡುತ್ತಾಳೆ, ತೀರ್ಪು ಅವ್ವ ಹೇಳುತ್ತಾಳೆ. ನನ್ನ ಹೆಂಡತಿ ಶಾಂತಾ ಅಷ್ಟೂ ಹೊತ್ತು ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಮದುವೆಯಾಗಿ ಆರು ವರ್ಷವಾದರೂ ನಾವಿಬ್ಬರೇ ಕೂತು ಒಂದು ತಾಸು ಮಾತಾಡಿರಲಿಲ್ಲ. ಎಂಬತ್ತರ ದಶಕದ ಮಾತು. ಆಳಂದದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಒಂದು ಸಂಕ್ರಾಂತಿ ರಜೆಗೆ ಶಾಲೆಯ ಸ್ಕೌಟ್ ಹುಡುಗರ ಬಿಳಿ ಗುಡಾರವನ್ನು ಕೇಳಿ ತಂದು ಸ್ಕೂಟರಿಗೆ ಕಟ್ಟಿದೆ. ಅಫಜಲಪುರದ ಮೇಲೆ ಭೀಮೆಯ ದಂಡೆ, ಅಲ್ಲಿಂದ ಜೇವರ್ಗಿ. ಕೆರೆ ಕಂಡಲ್ಲಿ ಗುಡಾರ, ಹಳೆಯ ಗುಡಿ ಕಂಡಲ್ಲಿ ಇತಿಹಾಸ.

“ಇಬ್ಬರೇ ಒಂದು ತಾಸು ಕೂತು ತೋರಸ್ರಿ,” ಎಂದಳು ಶಾಂತಾ. “ಮುಂದಿನ ಆರು ವರ್ಷ ನೀವು ಹೇಳಿದ್ದಕ್ಕೆಲ್ಲ ಹ್ಞೂಂ ಅಂತೇನಿ. ಆಗಲಿಲ್ಲಂದ್ರ ನೀವು ಅನಬೇಕು ನೋಡ್ರಿ.” ಇಷ್ಟು ದೊಡ್ಡ ಬಹುಮಾನವನ್ನು ನನ್ನೆದುರು ಅದುವರೆಗೆ ಯಾರೂ ಇಟ್ಟಿರಲಿಲ್ಲ.

ಮೊದಲ ದಿನ ಭೂಸನೂರಿನ ಕಬ್ಬಿನ ಗಾಡಿಗಳ ಹಿಂದೆ ಆಮೆಯಂತೆ ಸಾಗಿ ಒಂದು ಕೆರೆ ಹಿಡಿದೆವು. ಏರಿಯ ಮೇಲೊಂದು ಕೆತ್ತಿದ ಕಲ್ಲು ಬಿದ್ದಿತ್ತು. “ರಾಷ್ಟ್ರಕೂಟರ ಕಾಲದ್ದು ಇರಬೇಕು,” ಎಂದು ನಾನು ಶುರುಮಾಡಿದರೆ, “ಅದಿರಲಿ, ಗೂಟ ಬಡಿಯಾಕ ಒಂದು ಈಗಿನ ಕಾಲದ ಕಲ್ಲು ತರ್ರಿ,” ಎಂದಳು. ಗೂಟ ನೆಲಕ್ಕೆ ಇಳಿಯುವಷ್ಟರಲ್ಲಿ ಪಕ್ಕದ ಹೊಲದ ರೈತ ಹಾಜರಾದ.

“ಸಾಹೇಬ್ರ, ನಮ್ಮ ಮನಿ ಇದ್ದೂ ಅರಬಿ ಮನ್ಯಾಗ ಯಾಕ ಇರ್ತೀರಿ?” ಎಂದು ಗುಡಾರದ ಬಟ್ಟೆ ಮುಟ್ಟಿ ನೋಡಿದ.

“ನಮಗ ಇದೇ ಬೇಕ್ರಿ,” ಎಂದೆ. ಅವನು ಶಾಂತಾಳ ಕಡೆ ಮರುಕದಿಂದ ನೋಡಿ, “ಯಕ್ಕಾ, ಮನ್ಯಾಗ ಏನರ ಜಗಳ ಆಗ್ಯಾದೇನ್ರಿ?” ಎಂದ. ಉತ್ತರಕ್ಕೂ ಕಾಯದೆ ಗುಡಾರದ ಕೋಲನ್ನು ಹೆಗಲಿಗೇರಿಸಿ ನಡೆದೇಬಿಟ್ಟ. ಕೋಲಿನ ಹಿಂದೆ ನಾವೂ ಹೋದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಸುತ್ತ ಇಡೀ ಓಣಿಯ ಜನ. ಊಟ ಮಾತ್ರ ಬೊಂಬಾಟಾಗಿತ್ತು.

ಎರಡನೆಯ ದಿನ ಘತ್ತರಗಿಯ ಹತ್ತಿರ ಹೊಳೆದಂಡೆಯಲ್ಲಿ ಗುಡಾರ ಎದ್ದು ನಿಂತಿತು. ಹಿಂದಿನ ವರ್ಷ ಅದೇ ಜಾಗದಲ್ಲಿ ಕಣ್ಣಿನ ಡಾಕ್ಟರರು ಅಂಥದೇ ಬಿಳಿ ಗುಡಾರ ಹಾಕಿದ್ದರೆಂದು ನನಗೇನು ಗೊತ್ತು? ಸಾಲದ್ದಕ್ಕೆ ನನ್ನ ಮೂಗಿನ ಮೇಲೆ ದಪ್ಪ ಕನ್ನಡಕ ಬೇರೆ. ಸ್ಟೋವಿಗೆ ಗಾಳಿ ಹೊಡೆದು ತಲೆಯೆತ್ತಿದರೆ ಒಂಬತ್ತು ಮಂದಿ ಮುದುಕ ಮುದುಕಿಯರು ಸಾಲಾಗಿ ಕೂತಿದ್ದರು.

“ಮೊದಲು ನನ್ನ ಕಣ್ಣು ನೋಡೋ ಯಪ್ಪಾ,” ಎಂದಳು ಮುಂದಿನ ಮುದುಕಿ.

“ನಾ ಡಾಕ್ಟರ್ ಅಲ್ಲಬೇ. ಇತಿಹಾಸದ ಮಾಸ್ತರ. ಹಳೇವನ್ನಷ್ಟೇ ನೋಡಾಂವ.”

“ಇರಲಿ ಬಿಡಪಾ. ನನ್ನ ಕಣ್ಣೂ ಹಳೇವೇ ಅದಾವ.”

ಶಾಂತಾ ನಕ್ಕೂ ನಕ್ಕೂ ಮೂರು ದಿನದ ರವೆಯನ್ನೆಲ್ಲ ಬಾಣಲೆಗೆ ಸುರಿದಳು. ಉಪ್ಪಿಟ್ಟಿಗೆ ಕೂತವರು ಒಟ್ಟು ಹನ್ನೊಂದು ಮಂದಿ. ಮನೆ ಬಿಟ್ಟು ಬಂದು ನಾನು ಸಾಧಿಸಿದ್ದು ಇಷ್ಟು. ನನಗೆ ಅಳುವಷ್ಟು ಸಿಟ್ಟು ಬಂತು.

ಮೂರನೆಯ ದಿನ, ಜೇವರ್ಗಿಯ ಈಚೆ, ಕೊನೆಗೂ ಒಂದು ಕೆರೆ ನನ್ನ ಮೇಲೆ ಕರುಣೆ ತೋರಿತು. ಕಣ್ಣು ಹಾಯುವಷ್ಟು ದೂರ ಬರೀ ಜೋಳ, ಒಂದು ನರಪಿಳ್ಳೆಯಿಲ್ಲ. ಗುಡಾರ ನಿಂತಿತು, ದಾರಿಯಲ್ಲಿ ಕೊಂಡ ರವೆ ಬೆಂದಿತು, ಎರಡೇ ತಟ್ಟೆ. ಶಾಂತಾ ನನ್ನ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, “ಹ್ಞಾಂ, ಮಾತಾಡ್ರಿ,” ಎಂದಳು.

ಆರು ವರ್ಷದಿಂದ ಕೂಡಿಟ್ಟ ಮಾತು! “ಉಪ್ಪು ಸರಿ ಅದ,” ಎಂದೆ.

“ಹೌದ್ರಿ.”

“ಗಾಳಿ ಚಲೋ ಅದ.”

“ಹೌದ್ರಿ.”

ಬೇರೇನೂ ಹೊಳೆಯದೆ ರಾಷ್ಟ್ರಕೂಟರನ್ನು ಕರೆತಂದೆ, ಅವಳು ಆಕಳಿಸಿದಳು. ಗಡಿಯಾರದಲ್ಲಿ ಅರ್ಧ ತಾಸೂ ಆಗಿರಲಿಲ್ಲ.

“ಯಾರ ದಾರಿ ನೋಡಾಕತ್ತೀರಿ?” ಎಂದಳು.

“ಯಾರದೂ ಇಲ್ಲ,” ಎಂದೆ. ಅಷ್ಟರಲ್ಲಿ ದೂರದಲ್ಲಿ ಒಂದು ಸೈಕಲ್ಲು ಕಂಡಿತು. ಪುಣ್ಯಾತ್ಮ ನಮ್ಮ ಕಡೆ ನೋಡದೆ ತನ್ನ ಪಾಡಿಗೆ ಹೊರಟಿದ್ದ. ನಾನು ಟವೆಲ್ಲು ಬೀಸುತ್ತ ಓಡಿದವನೇ ಹ್ಯಾಂಡಲ್ಲಿಗೆ ಕೈಹಾಕಿದೆ.

“ಅರ್ಜೆಂಟ್ ಅದರೀ ಯಪ್ಪಾ!” ಎಂದ.

“ನಮ್ಮ ಅರಬಿ ಮನಿ ಇದ್ದೂ ಹಂಗ ಹೊಂಟ್ರೇನು? ಉಪ್ಪಿಟ್ಟು ತಿಂದು ಹೋಗ್ರಿ!”

ಎಳೆದುಕೊಂಡು ಬಂದರೆ ಶಾಂತಾ ಮೂರನೆಯ ತಟ್ಟೆಗೆ ಆಗಲೇ ಬಡಿಸಿಟ್ಟು, ಗಡಿಯಾರವನ್ನು ನನಗೆ ವಾಪಸು ಕೊಟ್ಟಳು. ಅಂದಿನಿಂದ ಹ್ಞೂಂ ಅನ್ನುವ ಕೆಲಸ ನನ್ನದು. ಆರು ವರ್ಷ ಯಾವಾಗಲೋ ಮುಗಿದಿರಬೇಕು. ಕೇಳೋಣವೆಂದರೆ ನಾವಿಬ್ಬರೇ ಸಿಗುವುದಿಲ್ಲ.